ಗೋಡೆ ಕಡೆ ಕ್ಯಾಮೆರಾ ತಿರುಗಿಸು

ಜೀರಹಳ್ಳಿ
ಸಂಕ್ರಾಂತಿ ಕಳೆದ ವಾರ

ಪ್ರೀತಿಯ ಕೂಸೇ,

ನಿನ್ನ ಕಾಗದ ಬಂತು. ದಿನಕ್ಕೆ ಹತ್ತು ಸಲ ಫೋನಿನಲ್ಲಿ ಮಾತಾಡಬಹುದಾದ ಈ ಕಾಲದಲ್ಲೂ ಕೂತು, ಕೈಯಾರೆ ಬರೆದು, ಅಂಚೆ ಡಬ್ಬಕ್ಕೆ ಹಾಕುವವಳು ನಮ್ಮ ಮನೆತನದಲ್ಲಿ ನೀನೊಬ್ಬಳೇ. ಅದಕ್ಕೇ ಚಿಕ್ಕಮ್ಮನ ಮಕ್ಕಳಲ್ಲೆಲ್ಲ ನಿನ್ನ ಮೇಲೆ ನನಗೆ ಅಕ್ಕರೆ ಒಂದು ಹಿಡಿ ಹೆಚ್ಚು. ಇದನ್ನು ನಿನ್ನ ಅಣ್ಣನಿಗೆ ಹೇಳಬೇಡ, ಆಮೇಲೆ ಅವನು ಯುಗಾದಿಗೂ ಬರುವುದಿಲ್ಲ. ಕಾಗದದ ಜೊತೆಗಿಟ್ಟಿದ್ದ ಫೋಟೊಗಳನ್ನು ನಿನ್ನ ದೊಡ್ಡಮ್ಮ ಜಗಲಿಯ ಬಿಸಿಲಿಗೆ ಹಿಡಿದು ಒಂದೊಂದಾಗಿ ನೋಡಿದರು. "ಎಲ್ಲಾ ಚೆಂದಾಗವ ಕಣ. ಆದ್ರ ಇವಳು ಮನುಷರ ಫೋಟೊನೇ ಯಾಕ ತೆಗಿಯಲ್ಲ?" ಅಂದರು. ಕಂಬ, ಗೇಟು, ಹಳೇ ಗೋಡೆ, ಮಳೆ ನೀರು ನಿಂತ ರಸ್ತೆ, ಇಷ್ಟೇ ಇದೆಯಲ್ಲ ಅಂತ ಅವರಿಗೆ ಬೇಜಾರು. ನೀನೇ ಉತ್ತರ ಕೊಟ್ಟುಕೋ, ನಾನು ನಡುವೆ ಬರುವುದಿಲ್ಲ.

ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ರಾಗಿ ಒಕ್ಕಣೆ ಮುಗಿದು ಮೂಟೆಗಳು ಒಳಗೆ ಬಂದವು. ಟೊಮೆಟೊ ಮಾತ್ರ ಈ ಸಲ ಕೈಕೊಟ್ಟಿತು. ಚಾಮರಾಜನಗರದ ಮಾರ್ಕೆಟ್ಟಿಗೆ ಸಾಗಿಸಿದ ಬಾಡಿಗೆಯೂ ಹುಟ್ಟಲಿಲ್ಲ ಅಂತ ಮಾವ ಒಂದು ವಾರದಿಂದ ಮುಖ ಊದಿಸಿಕೊಂಡಿದ್ದಾರೆ. ಆನೆಗಳು ಕಬ್ಬಿಗೆ ಇಳಿಯುವುದು ನಿಂತಿಲ್ಲ. ಗಂಡಸರು ಸರದಿ ಹಾಕಿಕೊಂಡು ಹೊಲದ ಬದುವಿನಲ್ಲಿ ಬೆಂಕಿ ಹಾಕಿ ರಾತ್ರಿ ಕಾಯುತ್ತಾರೆ, ಬೆಳಗ್ಗೆ ಕೆಂಗಣ್ಣು ಹೊತ್ತು ಕಾಫಿಗೆ ಬರುತ್ತಾರೆ. ಚಳಿ ಈ ವರ್ಷ ಗಟ್ಟಿಯಾಗಿದೆ. ನೀನು ಬರುವಾಗ ಆ ಬೆಂಗಳೂರಿನ ತೆಳು ಜಾಕೆಟ್ ನಂಬಿಕೊಂಡು ಬರಬೇಡ.

ಇನ್ನು ಕಾಗದದ ಮೂರನೆಯ ಪುಟ. ಅದನ್ನು ಓದಿ ನನ್ನ ಎದೆ ಧಸಕ್ ಅಂತು. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್ ಕಡೆಗೆ ಹಳಿ ಹಿಡಿದು ನಡೆದು ಸುರಂಗಗಳ ಫೋಟೊ ತೆಗೆಯುತ್ತೀಯಂತೆ. ಜೊತೆಗೆ ಇಬ್ಬರು ಗೆಳತಿಯರಂತೆ. ಒಳ್ಳೇ ಟಾರ್ಚ್ ತಗೊಂಡಿದ್ದೀಯಂತೆ. ನನಗೆ ಧೈರ್ಯ ತುಂಬಲು ಆ ಟಾರ್ಚಿನ ವಿಷಯ ಎರಡು ಸಲ ಬರೆದಿದ್ದೀಯಲ್ಲ, ಅಲ್ಲಿ ನಗು ಬಂತು. ಆಮೇಲೆ ರಾತ್ರಿ ಮಲಗಿದಾಗ ನಗು ಹೋಗಿ ನಿದ್ದೆಯೂ ಹೋಯಿತು.

ಆ ದಾರಿಯ ಸೆಳೆತ ನನಗೆ ಗೊತ್ತಿಲ್ಲದ್ದೇನಲ್ಲ. 1979ರಲ್ಲಿ ಮುಗಿಸಿದ ಹಾಸನ–ಮಂಗಳೂರು ದಾರಿ ಅದು. ಘಟ್ಟ ಇಳಿಯುವ ಆ ಒಂದು ತುಂಡಿನಲ್ಲೇ 57 ಸುರಂಗ, ನೂರು ಮೀರಿದ ಸೇತುವೆ. 1996ರಲ್ಲಿ ಮೀಟರ್ ಗೇಜನ್ನು ಬ್ರಾಡ್ ಗೇಜ್ ಮಾಡಲು ದಾರಿ ಮುಚ್ಚಿದರು; ಗೂಡ್ಸ್ ಮತ್ತೆ ಓಡಿದ್ದು 2006ರಲ್ಲಿ, ಜನರ ರೈಲು 2007ರ ಕೊನೆಗೆ. ಯಡಕುಮೇರಿಯ ಕಾಡಿನಲ್ಲಿ ಹಳಿ ಮೇಲೆ ನಡೆದವರ ಕಥೆ ಕೇಳಿ ಕೇಳಿಯೇ ನಿನ್ನಂಥವರಿಗೆ ಕಾಲು ಕೆರೆಯುವುದು. ಆದರೆ ಈಗ ಅಲ್ಲಿ ಹಗಲೂ ರಾತ್ರಿ ರೈಲು ಓಡುತ್ತದೆ. ಸುರಂಗದೊಳಗೆ ನಿಂತವರಿಗೆ ಸದ್ದು ಹಿಂದಿನಿಂದ ಬಂತೋ ಮುಂದಿನಿಂದ ಬಂತೋ ತಿಳಿಯುವುದಿಲ್ಲ. ಗೋಡೆ ಆ ಸದ್ದನ್ನು ಎರಡೂ ಕಡೆಯಿಂದ ಎಸೆಯುತ್ತದೆ. ಗ್ಯಾಂಗ್‌ಮನ್‌ಗಳು ನಿಲ್ಲಲಿ ಅಂತ ಅಲ್ಲಲ್ಲಿ ಗೋಡೆಯಲ್ಲಿ ಗೂಡು ಕೊರೆದಿರುತ್ತಾರೆ. ಮುಂದಿನ ಗೂಡು ಎಷ್ಟು ದೂರ ಅಂತ ದಿನಾ ಅಲ್ಲಿ ನಡೆಯುವವರಿಗೆ ಗೊತ್ತು, ನಿನಗೆ ಗೊತ್ತಿಲ್ಲ. ಮೇಲಾಗಿ ಅದು ಅಪರಾಧ ಕೂಡ. 1989ರ ರೈಲ್ವೆ ಕಾಯ್ದೆಯ 147ನೇ ಕಲಮಿನಲ್ಲಿ ಹಳಿಗೆ ಅತಿಕ್ರಮ ಪ್ರವೇಶ ಮಾಡಿದವರಿಗೆ ಆರು ತಿಂಗಳವರೆಗೆ ಸಜೆ ಇದೆ, ದಂಡವೂ ಇದೆ. ಚಿಕ್ಕಮ್ಮನಿಗೆ ಈ ವಿಷಯ ನಾನು ಹೇಳಿಲ್ಲ. ನೀನು ಹೋಗುವುದಿಲ್ಲ ಅಂತ ಬರೆದರೆ ಹೇಳುವುದೂ ಇಲ್ಲ.

ಆ ಘಟ್ಟ ನೋಡಲೇಬೇಕು ಅಂತಿದ್ದರೆ ಹಗಲಿನ ರೈಲು ಹತ್ತು. 2021ರಿಂದ ಬೆಂಗಳೂರು–ಮಂಗಳೂರು ಹಗಲು ಗಾಡಿಗೆ ದೊಡ್ಡ ಗಾಜಿನ ವಿಸ್ಟಾಡೋಮ್ ಬೋಗಿ ಹಾಕಿದ್ದಾರೆ. ಆದರೆ ನಿನಗೆ ಬೇಕಾದ ಫೋಟೊ ಆ ಮುಚ್ಚಿದ ಗಾಜಿನ ಹಿಂದೆ ಸಿಗುವುದಿಲ್ಲ ಅಂತ ನನಗೆ ಅನ್ನಿಸುತ್ತದೆ. ನಿನಗೆ ಹಳೆಯ ಸುರಂಗ ಬೇಕು, ಕಿಟಕಿ ತೆರೆಯುವ ಬೋಗಿ ಬೇಕು, ನಿಧಾನವಾಗಿ ಹೋಗುವ ರೈಲು ಬೇಕು. ಅಷ್ಟೂ ನಮ್ಮ ಪಕ್ಕದಲ್ಲೇ ಇದೆ ಕಣೇ. ದಿಂಬಂ ಘಟ್ಟ ಇಳಿದು ಬನ್ನಾರಿ ದಾಟಿ, ಸತ್ಯಮಂಗಲದಿಂದ ಪಶ್ಚಿಮಕ್ಕೆ ತಿರುಗಿದರೆ ಮೇಟ್ಟುಪಾಳ್ಯಂ. ನೀಲಗಿರಿ ರೈಲು ಅಲ್ಲಿಂದ ಹೊರಡುತ್ತದೆ. ನೀನು ಚಿಕ್ಕವಳಿದ್ದಾಗ ಊಟಿಗೆ ಹೋದದ್ದು ಬಸ್ಸಿನಲ್ಲಿ, ದಾರಿಯುದ್ದಕ್ಕೂ ವಾಂತಿ ಮಾಡಿಕೊಂಡು. ಹಾಗಾಗಿ ಅದು ಲೆಕ್ಕಕ್ಕಿಲ್ಲ.

ನಮ್ಮ ತಾಳವಾಡಿ ಬೆಟ್ಟಕ್ಕೆ ರೈಲೇ ಬಂದಿಲ್ಲವಲ್ಲ, ಬಂದಿದ್ದರೆ ಮನೆ ಹಿಂದೆಯೇ ಸುರಂಗ ಇರುತ್ತಿತ್ತು ಅಂತ ಬರೆದಿದ್ದೀಯ. ಮೈಸೂರಿನಿಂದ ಹೊರಟ ಹಳಿ ನಂಜನಗೂಡು ದಾಟಿ ಚಾಮರಾಜನಗರಕ್ಕೆ ಬಂದು ಅಲ್ಲೇ ನಿಂತುಬಿಟ್ಟಿದೆ. ಅದನ್ನು ಬೆಟ್ಟ ಇಳಿಸಿ ಸತ್ಯಮಂಗಲಕ್ಕೆ ಸೇರಿಸುವ ಮಾತು ಅಜ್ಜನ ಕಾಲದಿಂದ ಇದೆ. ಬೆಂಗಳೂರು–ಸತ್ಯಮಂಗಲ ದಾರಿಗೆ 1996–97ರಲ್ಲಿ ಮಂಜೂರಾತಿಯೂ ಸಿಕ್ಕಿತ್ತು. ಅದು ಹಾಯಬೇಕಾದದ್ದು ದಟ್ಟ ಕಾಡಿನಲ್ಲಿ. ತಮಿಳುನಾಡು ಸರ್ಕಾರ ತನ್ನ ಕಡೆ ಸರ್ವೆಗೇ ಒಪ್ಪಲಿಲ್ಲ. 2013ರಲ್ಲಿ ಆ ಕಾಡು ಸತ್ಯಮಂಗಲ ಹುಲಿ ರಕ್ಷಿತಾರಣ್ಯವಾಯಿತು. ರೈಲು ಬಂದಿದ್ದರೆ ಟೊಮೆಟೊ ಒಳ್ಳೇ ಬೆಲೆಗೆ ಕೊಯಮತ್ತೂರು ಸೇರುತ್ತಿತ್ತು ಅಂತ ಮಾವ ಇವತ್ತಿಗೂ ಹೇಳುತ್ತಾರೆ, ಅದು ಸುಳ್ಳಲ್ಲ. ನನಗೆ ಮಾತ್ರ ಬರದೇ ಹೋದದ್ದೇ ಸರಿ ಅನ್ನಿಸುತ್ತದೆ. ಪಶ್ಚಿಮ ಘಟ್ಟವೂ ಪೂರ್ವ ಘಟ್ಟವೂ ಕೈ ಕೈ ಹಿಡಿಯುವ ಜಾಗ ನಮ್ಮದು. ಆನೆ ಆ ಕಡೆಯಿಂದ ಈ ಕಡೆಗೆ ದಾಟುವುದು ಇಲ್ಲೇ. ಕಬ್ಬು ತುಳಿಸಿಕೊಂಡು ನಿದ್ದೆಗೆಟ್ಟ ಮನೆಯವಳಾಗಿಯೇ ಇದನ್ನು ಹೇಳುತ್ತಿದ್ದೇನೆ. ನಮ್ಮ ಬೆಟ್ಟದಲ್ಲಿ ಮದ್ದು ಸಿಡಿಸುವುದು ಬೇಡ. ಆಗಲೇ ಸಿಡಿಸಿ ತೂತು ಮಾಡಿದ ಬೆಟ್ಟ ಹತ್ತಿರದಲ್ಲೇ ಇದೆ, ಅದನ್ನು ಕಣ್ತುಂಬ ನೋಡೋಣ.

ನೀಲಗಿರಿ ರೈಲಿನ ಮಾತು 1854ರಲ್ಲೇ ಶುರುವಾಯಿತಂತೆ. ಕೆಲಸಕ್ಕೆ ಮದರಾಸಿನ ಗವರ್ನರ್ ಲಾರ್ಡ್ ವೆನ್ಲಾಕ್ ಮೊದಲ ಗುದ್ದಲಿ ಹಾಕಿದ್ದು 1891ರಲ್ಲಿ. ಹಣ ಸಾಲದೆ ಕಂಪನಿ ಮುಳುಗಿತು. ಹೊಸ ಕಂಪನಿ ಬಂದು 1899ರಲ್ಲಿ ಕೂನೂರಿನ ತನಕ ರೈಲು ಹತ್ತಿಸಿತು. ಊಟಿ ಮುಟ್ಟಿದ್ದು 1908ರಲ್ಲಿ. ಒಟ್ಟು 46 ಕಿ.ಮೀ. ದಾರಿ, 16 ಸುರಂಗ, 250 ಸೇತುವೆ, 208 ತಿರುವು. ಸಮುದ್ರಮಟ್ಟದಿಂದ ಸುಮಾರು 330 ಮೀಟರ್ ಎತ್ತರದಲ್ಲಿ ಹೊರಟು 2,200 ಮೀಟರಿಗೆ ಹೋಗಿ ನಿಲ್ಲುತ್ತದೆ. 2005ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಇಷ್ಟು ಬರೆದದ್ದು ನೀನು ಪುಸ್ತಕ ಹುಡುಕುವ ಶ್ರಮ ತಪ್ಪಲಿ ಅಂತ. ನಿನಗೆ ಮುಖ್ಯವಾದದ್ದು ಮುಂದಿದೆ.

ಕಲ್ಲಾರ್ ಸ್ಟೇಷನ್ ದಾಟಿದ ಮೇಲೆ ಏರು ಎಷ್ಟು ಕಡಿದು ಅಂದರೆ, ಹನ್ನೆರಡು ಅಡಿ ಮುಂದೆ ಹೋದರೆ ಒಂದಡಿ ಮೇಲೆ ಹೋಗಿರುತ್ತೀಯ. ಬರೀ ಚಕ್ರ ನಂಬಿದರೆ ಜಾರುತ್ತದೆ. ಅದಕ್ಕೇ ಎರಡು ಹಳಿಯ ನಡುವೆ ಹಲ್ಲಿನ ಪಟ್ಟಿ ಹಾಸಿದ್ದಾರೆ, ಎಂಜಿನ್ನಿನ ಹೊಟ್ಟೆಯ ಕೆಳಗಿರುವ ಹಲ್ಲುಚಕ್ರ ಅದನ್ನು ಕಚ್ಚಿ ಕಚ್ಚಿ ಹತ್ತುತ್ತದೆ. ಕೂನೂರಿನ ತನಕ ಹೀಗೇ. ನಮ್ಮ ದೇಶದಲ್ಲಿ ಇಂಥ ಹಳಿ ಬೇರೆಲ್ಲೂ ಇಲ್ಲ. ಎಂಜಿನ್ ಮುಂದೆ ನಿಂತು ಎಳೆಯುವುದಿಲ್ಲ, ಹಿಂದೆ ನಿಂತು ತಳ್ಳುತ್ತದೆ. ಹಾಗಾಗಿ ಹತ್ತುವಾಗ ರೈಲಿನ ಮುಂಭಾಗದಲ್ಲಿ ಹೊಗೆ ಇಲ್ಲ, ಎಂಜಿನ್ ಇಲ್ಲ, ಎದುರಿಗೆ ಬರೀ ಹಳಿ, ಕಾಡು, ಸುರಂಗದ ಬಾಯಿ. ಬ್ರೇಕ್‌ಮ್ಯಾನ್‌ಗಳು ಬೋಗಿಯ ತುದಿಯ ಕಟ್ಟೆಯಲ್ಲಿ ನಿಂತಿರುತ್ತಾರೆ. ಮುಂದಿನ ಬೋಗಿಯವರು ಬಾವುಟ ಬೀಸಿದರೆ ಹಿಂದಿರುವ ಚಾಲಕರು ಅದನ್ನು ನೋಡಿ ನಡೆಸಬೇಕು. ಕಾಣುವವರು ಒಬ್ಬರು, ನಡೆಸುವವರು ಇನ್ನೊಬ್ಬರು. ಒಬ್ಬರನ್ನೊಬ್ಬರು ಅಷ್ಟು ನಂಬಿ ಬೆಟ್ಟ ಹತ್ತುವುದನ್ನು ನೋಡಿದರೆ ನನಗೆ ಪ್ರತಿ ಸಲವೂ ಗಂಟಲು ಕಟ್ಟುತ್ತದೆ. ಇಳಿಯುವಾಗ ಮಾತ್ರ ಎಂಜಿನ್ ಮುಂದಾಗುತ್ತದೆ, ಹೊಗೆಯೆಲ್ಲ ನಿನ್ನ ಮುಖಕ್ಕೇ. ಫೋಟೊಗೆ ಹತ್ತುವ ರೈಲೇ ಬೇಕು.

ಸುರಂಗ ಹತ್ತಿರವಾದಾಗ ಬೋಗಿಯಲ್ಲಿ ಏನಾಗುತ್ತದೆ ಗೊತ್ತಾ? ಮೊದಲು ಮಕ್ಕಳು ಕೂಗಲು ಶುರು ಮಾಡುತ್ತಾರೆ. ಕತ್ತಲೆ ಕವಿಯುತ್ತಿದ್ದ ಹಾಗೆ ದೊಡ್ಡವರೂ ನಾಚಿಕೆ ಬಿಟ್ಟು ಓ ಅನ್ನುತ್ತಾರೆ. ಗಾಳಿ ಒಮ್ಮೆಲೇ ತಣ್ಣಗಾಗಿ ಕೈಮೇಲಿನ ಕೂದಲು ನಿಲ್ಲುತ್ತದೆ. ಹಸಿ ಕಲ್ಲಿನ ವಾಸನೆ ಬರುತ್ತದೆ, ಅದರ ಬೆನ್ನಿಗೇ ಎಂಜಿನ್ನಿನ ಹೊಗೆಯ ವಾಸನೆ. ಹಲ್ಲುಚಕ್ರದ ಸದ್ದು ಪಾದದಿಂದ ಮಂಡಿಗೆ ಏರುತ್ತದೆ. ಗೋಡೆ ಎಷ್ಟು ಹತ್ತಿರ ಇದೆ ಅಂತ ಕಣ್ಣಿಗೆ ಕಾಣುವುದಿಲ್ಲ, ಕೆನ್ನೆಗೆ ಗೊತ್ತಾಗುತ್ತದೆ. ಕೈ ಹೊರಗೆ ಚಾಚಬೇಡ, ತಲೆಯಂತೂ ಬೇಡವೇ ಬೇಡ. ಇದನ್ನು ನಿನ್ನ ಅಕ್ಕನ ಆಣೆ ಅಂತ ತಿಳಿದುಕೋ.

ಆಗ ಎಲ್ಲರ ಫೋನೂ ಒಂದೇ ಕಡೆ ತಿರುಗುತ್ತದೆ, ಆ ತುದಿಯ ಬೆಳಕಿನ ಕಡೆಗೆ. ಸುತ್ತ ಕಪ್ಪು, ನಡುವೆ ಕಮಾನಿನಾಕಾರದ ಬೆಳಕು, ಅದರೊಳಗೆ ಒಂದಿಷ್ಟು ಹಸಿರು. ಸಕಲೇಶಪುರದಲ್ಲಿ ತೆಗೆದರೂ ಅದೇ, ಕಲ್ಕಾ–ಶಿಮ್ಲಾದಲ್ಲಿ ತೆಗೆದರೂ ಅದೇ. ಚೆನ್ನಾಗಿಯೇ ಇರುತ್ತದೆ, ಬೇಡ ಅನ್ನುವುದಿಲ್ಲ. ನೀನೂ ಒಂದು ತೆಗೆದುಕೋ, ಚಿಕ್ಕಮ್ಮ ಅದನ್ನು ಡಿಪಿಗೆ ಹಾಕಿಕೊಳ್ಳಲಿ. ಆದರೆ ಆ ಫೋಟೊದಲ್ಲಿ ಸುರಂಗವೇ ಇರುವುದಿಲ್ಲ ಕೂಸೇ. ಅದು ಹೊರಗಿನ ಫೋಟೊ. ಸುರಂಗ ಅಲ್ಲಿ ಬರೀ ಕಪ್ಪು ಚೌಕಟ್ಟು. ನಿನ್ನಿಂದ ನನಗೆ ಬೇಕಾದದ್ದು ಗೋಡೆ.

ಯಾಕೆ ಅಂತ ಹೇಳುತ್ತೇನೆ. ಚಾಮರಾಜನಗರದ ಕಡೆ ಕರಿಕಲ್ಲಿನ ಕ್ವಾರಿ ನೀನು ನೋಡಿದ್ದೀಯಲ್ಲ. ಸೀಳಿದ ಬಂಡೆಯ ಮೈಮೇಲೆ ಉದ್ದಕ್ಕೆ ಅರ್ಧ ಕೊಳವೆಯ ಹಾಗೆ ಗೆರೆ ಇರುತ್ತದೆ, ಬೆರಳಿಟ್ಟರೆ ಬೆರಳು ಸರಿಯಾಗಿ ಕೂರುತ್ತದೆ. ಅದು ಮದ್ದು ತುಂಬಲು ಕೊರೆದ ಕುಳಿಯ ಗುರುತು. ಮದ್ದು ಸಿಡಿದಾಗ ಕುಳಿಯ ಅರ್ಧ ಒಡೆದುಹೋಗುತ್ತದೆ, ಇನ್ನರ್ಧ ಬಂಡೆಯಲ್ಲೇ ಉಳಿಯುತ್ತದೆ. ಈಗ ಕುಳಿ ಕೊರೆಯಲು ಕಂಪ್ರೆಸರ್ ಇದೆ. ಕೈಯಿಂದ ಕೊರೆಯುವ ಕಾಲದಲ್ಲಿ ಒಬ್ಬ ಉಕ್ಕಿನ ಸಲಾಕೆ ಹಿಡಿದು ಕೂರಬೇಕು, ಇನ್ನೊಬ್ಬ ಸುತ್ತಿಗೆಯಲ್ಲಿ ಹೊಡೆಯಬೇಕು, ಪ್ರತಿ ಏಟಿಗೂ ಸಲಾಕೆಯನ್ನು ಒಂದಿಷ್ಟು ತಿರುಗಿಸಬೇಕು. ದೀಪದ ಬೆಳಕು, ಕಲ್ಲಿನ ಪುಡಿ, ಮದ್ದಿನ ಹೊಗೆ. ಏಟು ತಪ್ಪಿದರೆ ಹಿಡಿದವನ ಕೈ ಹೋಯಿತು. ಹಳೆಯ ಸುರಂಗಗಳಲ್ಲಿ ಎಲ್ಲಿ ಗಾರೆ ಬಳಿಯದೆ, ಇಟ್ಟಿಗೆ ಕಟ್ಟದೆ ಬರೀ ಬಂಡೆಯನ್ನು ಹಾಗೇ ಬಿಟ್ಟಿದ್ದಾರೋ ಅಲ್ಲಿ ಹುಡುಕು. ಉಬ್ಬು, ತಗ್ಗು, ಉಳಿಯ ಕಚ್ಚು, ಮೇಲೆ ನೂರು ವರ್ಷದ ಮಸಿ. ಗುದ್ದಲಿ ಹಾಕಿದ ಗವರ್ನರ್ ಹೆಸರು ಎಲ್ಲ ಪುಸ್ತಕದಲ್ಲೂ ಇದೆ. ಸುತ್ತಿಗೆ ಹಿಡಿದವರು ಉಳಿದಿರುವುದು ಈ ಗುರುತುಗಳಲ್ಲಿ. ನಿನ್ನ ದೊಡ್ಡಮ್ಮ ಕೇಳಿದರಲ್ಲ, ಮನುಷ್ಯರ ಫೋಟೊ ಯಾಕಿಲ್ಲ ಅಂತ. ಈ ಗೋಡೆಯ ಫೋಟೊ ತಂದು ತೋರಿಸು, ನಾನೇ ಅವರಿಗೆ ಬಿಡಿಸಿ ಹೇಳುತ್ತೇನೆ.

ಆ ಕಲ್ಲು ನಮಗೆ ಹೊಸದೂ ಅಲ್ಲ. ನೀಲಗಿರಿಯದೂ ನಮ್ಮ ಬಿಳಿಗಿರಿರಂಗನ ಬೆಟ್ಟದ್ದೂ ಒಂದೇ ಜಾತಿಯ ಕಲ್ಲು, ಚಾರ್ನೊಕೈಟ್ ಅನ್ನುತ್ತಾರೆ. ಹೊಸದಾಗಿ ಒಡೆದಾಗ ನೀಲಿ ಬೆರೆತ ಬೂದು ಬಣ್ಣ, ಎಣ್ಣೆ ಸವರಿದ ಹಾಗೆ ಒಂದು ಹೊಳಪು. ಒಣಗಿದ್ದರೆ ಬೆಳಕನ್ನೆಲ್ಲ ನುಂಗಿಬಿಡುತ್ತದೆ. ಒದ್ದೆಯಾಗಿದ್ದರೆ ಮಾತ್ರ ಒಂದೊಂದು ಉಬ್ಬೂ ಬೇರೆ ಬೇರೆಯಾಗಿ ಹೊಳೆಯುತ್ತದೆ. ಸುರಂಗದ ಗೋಡೆಯಲ್ಲಿ ನೀರು ಜಿನುಗುತ್ತಿರುತ್ತದೆ, ಅದು ನಿನ್ನ ಅದೃಷ್ಟ ಅಂದುಕೋ.

ಈಗ ಕೆಲಸದ ಮಾತು, ಗಮನ ಇಟ್ಟು ಓದು. ಆ ರೈಲು ಹಲ್ಲುಹಳಿಯ ಮೇಲೆ ಗಂಟೆಗೆ ಹತ್ತು ಕಿಲೋಮೀಟರಿನ ಆಸುಪಾಸು ಹೋಗುತ್ತದೆ. ನೂರು ಮೀಟರಿನ ಸುರಂಗ ಅಂದುಕೊಂಡರೆ ದಾಟಲು 36 ಸೆಕೆಂಡು. ನಮ್ಮ ಕಣ್ಣು ಬಿಸಿಲಿನಿಂದ ಕತ್ತಲೆಗೆ ಪೂರ್ತಿ ಹೊಂದಿಕೊಳ್ಳಲು ಇಪ್ಪತ್ತು ಮೂವತ್ತು ನಿಮಿಷ ಬೇಕು. ಅಂದರೆ ಆ ಗೋಡೆಯನ್ನು ನೀನು ಕಣ್ಣಿನಿಂದ ನೋಡಿ, ಆರಿಸಿ, ಆಮೇಲೆ ಫೋಟೊ ತೆಗೆಯುವುದು ಆಗದ ಮಾತು. ಕ್ಯಾಮೆರಾವನ್ನು ಬಿಸಿಲಿನಲ್ಲೇ ಕತ್ತಲೆಗೆ ಸಿದ್ಧ ಮಾಡಿಟ್ಟುಕೊಳ್ಳಬೇಕು. ಆಟೋ ಎಲ್ಲ ತೆಗೆದುಹಾಕು. ಫೋಕಸ್ಸನ್ನು ಒಂದೂವರೆ ಎರಡು ಮೀಟರಿಗೆ ಕೈಯಿಂದ ಇಟ್ಟುಬಿಡು. ನಿನ್ನ ಹತ್ತಿರ ಇರುವ ಚಿಕ್ಕ ಐವತ್ತರ ಲೆನ್ಸಿಗಿಂತ ಅಗಲದ್ದು ಇದ್ದರೆ ಒಳ್ಳೆಯದು, ಯಾರ ಹತ್ತಿರವಾದರೂ ಎರಡು ದಿನಕ್ಕೆ ಕೇಳಿ ತಗೋ. ಲೆನ್ಸಿನ ಬಾಯಿ ಪೂರ್ತಿ ತೆರೆದಿರಲಿ, ಐಎಸ್‌ಒ 3200 ಇರಲಿ. ಷಟರ್ 1/250ಕ್ಕಿಂತ ನಿಧಾನ ಆಗದಂತೆ ನೋಡಿಕೋ. ಆ ವೇಗದಲ್ಲಿ ರೈಲು 1/250 ಸೆಕೆಂಡಿನಲ್ಲಿ ಒಂದು ಸೆಂಟಿಮೀಟರಿನಷ್ಟು ಸರಿದಿರುತ್ತದೆ, 1/60ರಲ್ಲಿ ನಾಲ್ಕೂವರೆ ಸೆಂಟಿಮೀಟರು. ಕುಳಿಯ ಗುರುತಿನ ಅಗಲವೇ ಅಷ್ಟಿರುತ್ತದೆ; ಎಲ್ಲ ಅಳಿಸಿ ಗಂಜಿಯಾಗುತ್ತದೆ.

ಒಳಗಿನ ನಟ್ಟ ಕತ್ತಲೆಯಲ್ಲಿ ಇದಾವುದೂ ಸಾಲದು, ಅಲ್ಲಿ ಸುಮ್ಮನೆ ಕೂತು ಎಲ್ಲರ ಜೊತೆ ಕೂಗು. ನಿನ್ನ ಫೋಟೊ ಇರುವುದು ಬಾಯಿಯ ಹತ್ತಿರದ ಕೆಲವೇ ಮಾರುಗಳಲ್ಲಿ. ಹೊರಗಿನ ಬೆಳಕು ಅಲ್ಲಿ ಗೋಡೆಯನ್ನು ಸವರಿಕೊಂಡು ಓರೆಯಾಗಿ ಬರುತ್ತದೆ. ನೇರ ಬೆಳಕಿನಲ್ಲಿ ಚಪ್ಪಟೆಯಾಗಿ ಕಾಣುವ ಕಲ್ಲು ಓರೆ ಬೆಳಕಿನಲ್ಲಿ ಎದ್ದು ನಿಲ್ಲುತ್ತದೆ, ಪ್ರತಿ ಏಟಿಗೂ ಅದರದೇ ನೆರಳು ಬೀಳುತ್ತದೆ. ಒಳಹೋಗುವಾಗಿನ ಮೊದಲ ಎರಡು ಮೂರು ಸೆಕೆಂಡು, ಹೊರಬರುವಾಗಿನ ಕೊನೆಯ ಎರಡು ಮೂರು ಸೆಕೆಂಡು, ಅಷ್ಟೇ ನಿನ್ನ ಸಮಯ. ಹೊರಬರುವಾಗಿನದೇ ವಾಸಿ; ಕಣ್ಣು ಒಂದಿಷ್ಟಾದರೂ ಕತ್ತಲೆಗೆ ಪಳಗಿರುತ್ತದೆ. ಮೋಡ ಕವಿದ ದಿನ ಸಿಕ್ಕರೆ ದೇವರಿಗೆ ಕೈಮುಗಿ. ಉರಿಬಿಸಿಲಿದ್ದರೆ ಹೊರಗೂ ಒಳಗೂ ಸಾವಿರಾರು ಪಟ್ಟು ವ್ಯತ್ಯಾಸ ಬಿದ್ದು ಬಾಯಿಯ ಹತ್ತಿರ ಎಲ್ಲವೂ ಬೆಳ್ಳಗೆ ಸುಟ್ಟುಹೋಗುತ್ತದೆ. ಫ್ಲಾಶ್ ಹಾಕಬೇಡ. ಅದು ಮುಂದಿರುವ ಹೊಗೆಯನ್ನು ಬೆಳಗಿಸಿ ಗೋಡೆಯನ್ನು ಮರೆ ಮಾಡುತ್ತದೆ, ಬಾವುಟ ಹಿಡಿದು ನಿಂತವರ ಕಣ್ಣಿಗೂ ಹೊಡೆಯುತ್ತದೆ.

ಇದೆಲ್ಲ ಓದಿ ಕಷ್ಟ ಅನ್ನಿಸಿದರೆ ನಾದಾರ್ ಅನ್ನುವ ಫ್ರೆಂಚ್ ಮಹಾಶಯನನ್ನು ನೆನೆಸಿಕೋ. 1860ರ ದಶಕದ ಶುರುವಿನಲ್ಲಿ ಪ್ಯಾರಿಸ್ಸಿನ ನೆಲದಡಿಯ ಎಲುಬಿನ ಗುಹೆಗಳಲ್ಲೂ ಚರಂಡಿ ಸುರಂಗಗಳಲ್ಲೂ ಇಳಿದು ವಿದ್ಯುತ್ ದೀಪ ಹಚ್ಚಿ ಫೋಟೊ ತೆಗೆದವನು ಆತ. ಬ್ಯಾಟರಿಗಳು ಕೆಳಗೆ ಇಳಿಸಲಾಗದಷ್ಟು ದೊಡ್ಡವು. ಮೇಲೆ ರಸ್ತೆಯಲ್ಲಿಟ್ಟು ತಂತಿಯನ್ನು ಮಾತ್ರ ಕೆಳಗೆ ಬಿಟ್ಟಿದ್ದ. ಒಂದೊಂದು ಫೋಟೊಗೆ 18 ನಿಮಿಷದವರೆಗೆ ಲೆನ್ಸ್ ತೆರೆದಿಡಬೇಕಿತ್ತು. ಅಷ್ಟು ಹೊತ್ತು ಅಲುಗಾಡದೆ ನಿಲ್ಲುವ ಮನುಷ್ಯ ಎಲ್ಲಿ ಸಿಗಬೇಕು? ಕೂಲಿಯವರ ಬಟ್ಟೆ ತೊಡಿಸಿ ಬೊಂಬೆಗಳನ್ನು ನಿಲ್ಲಿಸಿದ. ಎಲುಬಿನ ಬಂಡಿ ಎಳೆಯುತ್ತಿರುವ ಹಾಗೆ ಕಾಣುವ ಆತನ ಕೆಲಸಗಾರ ನಿಜಕ್ಕೂ ಬೊಂಬೆ. ಆತನಿಗೆ ಆಗದ್ದು ನಿನಗೆ ಆಗುತ್ತದಲ್ಲ! ಜೀವ ಇರುವ ಕೆಲಸಗಾರರು ನಿನ್ನ ಬೋಗಿಯ ತುದಿಯಲ್ಲೇ ನಿಂತಿರುತ್ತಾರೆ. ಹಿಲ್‌ಗ್ರೋವ್‌ನಲ್ಲಿ ಎಂಜಿನ್ ನೀರು ಕುಡಿಯಲು ನಿಂತಾಗ ಇಳಿದು ಅವರನ್ನು ಮಾತಾಡಿಸು. ನಿನ್ನ ತಮಿಳು ಹರುಕು ಮುರುಕಾದರೂ ನಡೆಯುತ್ತದೆ, ತಾಳವಾಡಿಯ ರಕ್ತ ಅಲ್ಲವೇ. ಬಡಗರ ಹುಡುಗ ಯಾರಾದರೂ ಸಿಕ್ಕರಂತೂ ಕನ್ನಡದಲ್ಲೇ ಶುರು ಮಾಡು, ಅರ್ಧಕ್ಕರ್ಧ ತಿಳಿಯುತ್ತದೆ. ಅವರ ಹಿರಿಯರು ನಮ್ಮ ಮೈಸೂರು ಸೀಮೆಯಿಂದ ಹೋದವರು ಅಂತ ಅವರೇ ಹೇಳುತ್ತಾರೆ. ಒಪ್ಪಿಗೆ ಕೇಳಿ, ಬ್ರೇಕಿನ ಹಿಡಿಯ ಮೇಲಿರುವ ಅವರ ಕೈಯ ಫೋಟೊ ತೆಗೆದುಕೋ. ಗೋಡೆಯ ಪಕ್ಕದಲ್ಲಿ ಆ ಕೈಯನ್ನು ಇಟ್ಟು ನೋಡಬೇಕು ಅಂತ ನನಗೆ ಬಹಳ ದಿನದ ಆಸೆ.

ಹಿಲ್‌ಗ್ರೋವ್ ಅಂದಾಗ ನೆನಪಾಯಿತು. ಕೆಲವು ವರ್ಷದ ಹಿಂದೆ ಆ ಕಡೆ ಹಳಿಯ ಪಕ್ಕ ತಡೆಗೋಡೆ ಕಟ್ಟಿದ್ದರು. ಮರಿ ಕಟ್ಟಿಕೊಂಡ ಆನೆ ಹಿಂಡು ಹಳಿ ದಾಟಲಾಗದೆ ಗೋಡೆಯ ಉದ್ದಕ್ಕೂ ಅಲೆಯುವ ವಿಡಿಯೊ ಊರೆಲ್ಲ ಹರಿದಾಡಿತು. ಜನ ಕೇಳಿದರು, ರೈಲ್ವೆಯವರು ಗೋಡೆ ಒಡೆಸಿದರು. ನಮ್ಮೂರಿನಲ್ಲಿ ಆನೆಯ ಮೇಲೆ ಕೋಪ ಇರುವವರೂ ಆ ವಿಡಿಯೊ ನೋಡಿ ಅಯ್ಯೋ ಅಂದಿದ್ದರು. ಒಂದು ವಿಡಿಯೊ ಇಷ್ಟು ಮಾಡಿತು ನೋಡು. ನೀನು ಕ್ಯಾಮೆರಾ ಹಿಡಿದದ್ದಕ್ಕೆ ಚಿಕ್ಕಮ್ಮ ದುಡ್ಡು ದಂಡ ಅಂತ ಬೈದಾಗ ನಾನು ಯಾಕೆ ನಿನ್ನ ಪರ ನಿಂತೆ ಅಂತ ಈಗಲಾದರೂ ತಿಳಿಯಿತೋ?

ಈಗ ಹೊರಡುವ ವಿಚಾರ. ಮಳೆಗಾಲದ ಕೊನೆಯಲ್ಲಿ, ಅಕ್ಟೋಬರಿನಿಂದ ಡಿಸೆಂಬರಿನ ತನಕ, ಆ ಹಳಿಯ ಮೇಲೆ ಆಗಾಗ ಮಣ್ಣು ಕುಸಿದು ರೈಲು ನಿಲ್ಲುತ್ತದೆ. ಅದು ಕಳೆಯಿತು, ಫೆಬ್ರವರಿ ಒಳ್ಳೆಯದು. ಗಾಡಿ ಮೇಟ್ಟುಪಾಳ್ಯಂ ಬಿಡುವುದು ಬೆಳಗ್ಗೆ 7.10ಕ್ಕೆ. ದಿಂಬಂ ಘಟ್ಟದಲ್ಲಿ 2022ರಿಂದ ರಾತ್ರಿ ಓಡಾಟಕ್ಕೆ ತಡೆ ಇದೆ, ಬೆಳಗ್ಗೆ ಆರಕ್ಕೆ ಗೇಟು ತೆಗೆದರೆ 27 ತಿರುವು ಇಳಿದು ಏಳು ಗಂಟೆಗೆ ಅಲ್ಲಿರುವುದು ಸಾಧ್ಯವಿಲ್ಲ. ಹಾಗಾಗಿ ಹಿಂದಿನ ದಿನವೇ ಇಳಿದು ಮೇಟ್ಟುಪಾಳ್ಯಂನಲ್ಲಿ ಉಳಿಯೋಣ. ನೀನು ಮೈಸೂರಿನಿಂದ ಚಾಮರಾಜನಗರದ ತನಕ ರೈಲಿನಲ್ಲೇ ಬಾ, ಅಲ್ಲಿಂದ ತಾಳವಾಡಿ ಬಸ್ಸು ಹತ್ತು, ಮಾವ ಬಸ್ ಸ್ಟ್ಯಾಂಡಿಗೆ ಬರುತ್ತಾರೆ. ಕತ್ತಲಾದ ಮೇಲೆ ತಲುಪುವ ಹಾಗೆ ಮಾತ್ರ ಹೊರಡಬೇಡ, ಜೀರಹಳ್ಳಿ ರಸ್ತೆಯಲ್ಲಿ ಆನೆ ನಿಂತಿರುತ್ತದೆ. ಎರಡು ರಾತ್ರಿ ಇಲ್ಲಿ ಮಲಗಿ, ಮುದ್ದೆ ಅವರೆಕಾಳು ಸಾರು ಉಂಡು, ಆಮೇಲೆ ಹೋಗೋಣ.

ಟಿಕೆಟ್ ನೀನೇ ಮಾಡಿಸು, ಬುಕಿಂಗ್ ತೆಗೆದ ಕೂಡಲೇ ಮುಗಿದುಹೋಗುತ್ತದೆ. ಮುಂದಿನ ಬೋಗಿ ಫಸ್ಟ್ ಕ್ಲಾಸು. ಅಲ್ಲೇ ಎರಡು ಸೀಟು ನೋಡು, ದುಡ್ಡು ನಾನು ಕೊಡುತ್ತೇನೆ, ಬೇಡ ಅನ್ನಬೇಡ. ಕೂನೂರಿನಿಂದ ಮೇಲೆ ಡೀಸೆಲ್ ಎಂಜಿನ್ ಸಿಕ್ಕಿಸುತ್ತಾರೆ. ಅಷ್ಟರಲ್ಲಿ ನಿನ್ನ ಕೆಲಸ ಆಗಿರುತ್ತದೆ, ಕೇತ್ತಿಯ ಕಣಿವೆ ನೋಡುತ್ತಾ ಆರಾಮಾಗಿ ಕೂರಬಹುದು. ಒಂದು ಕಪ್ಪು ಶಾಲು ತಾ. ಕಿಟಕಿಯ ಗಾಜು ಏರಿಸಲಾಗದಿದ್ದರೆ ಲೆನ್ಸಿನ ಸುತ್ತ ಹೊದಿಸಿ ಗಾಜಿಗೆ ಒತ್ತಿ ಹಿಡಿದರೆ ಬೋಗಿಯ ದೀಪ ಬಿಂಬಿಸುವುದಿಲ್ಲ. ಇನ್ನೊಂದು ಬ್ಯಾಟರಿ ತಾ, ಚಳಿಗೆ ಬೇಗ ಇಳಿಯುತ್ತದೆ. ಆ ಟಾರ್ಚನ್ನೂ ತಾ, ಇಲ್ಲಿ ರಾತ್ರಿ ಕಾವಲಿನವರಿಗೆ ಬೇಕಾಗಿದೆ. ನಿನ್ನ ಗೆಳತಿಯರು ಬರುವುದಾದರೆ ಕರೆದುಕೊಂಡು ಬಾ, ಮನೆಯಲ್ಲಿ ಚಾಪೆಗೆ ಬರವಿಲ್ಲ. ದೊಡ್ಡಮ್ಮನ ಮಂಡಿ ನೋವಿನ ಮುಲಾಮು ತಾಳವಾಡಿಯಲ್ಲಿ ಸಿಗುತ್ತಿಲ್ಲ, ಚೀಟಿ ಇದರೊಳಗೆ ಇಟ್ಟಿದ್ದೇನೆ, ಎರಡು ಟ್ಯೂಬ್ ತಂದುಬಿಡು.

ಸಕಲೇಶಪುರಕ್ಕೆ ಹೋಗುವುದಿಲ್ಲ ಅಂತ ಈ ವಾರದೊಳಗೆ ಬರೆ. ಬರೆಯುವಷ್ಟು ಪುರುಸೊತ್ತಿಲ್ಲದಿದ್ದರೆ ಫೋನಾದರೂ ಮಾಡು.

ನಿನ್ನ
ಅಕ್ಕ